ಮುತ್ತುಗದೆಲೆಯಲ್ಲಿ ಮಾಮೇ ಹಣ್ಣು

ವಂಟಿಕೊಪ್ಪಲಿನಲ್ಲಿ ಯಾರ ಹಿತ್ತಲಲ್ಲೂ ಇಲ್ಲದ, ಯಾರ ತಾತನೂ ತಿಂದಿರದ, ಹೆಸರು ಹೇಳಿದರೆ ಎದುರಿಗಿದ್ದವರು "ಏನಂದ್ರಿ?" ಎಂದು ಎರಡನೆಯ ಸಲ ಕೇಳಲೇಬೇಕಾದ ಹಣ್ಣಿನ ಮರವೊಂದನ್ನು ನಾನು ನಮ್ಮ ಹಿತ್ತಲಲ್ಲಿ ಬೆಳೆಸಿಯೇ ತೀರುವೆನು! ಈ ಘೋರ ಪ್ರತಿಜ್ಞೆಯನ್ನು ನಾನು ಮಾಡಿದ್ದು ಊಟದ ಮಣೆಯ ಮೇಲೆ ಕುಳಿತು, ಬಲಗೈಯಲ್ಲಿ ಮುದ್ದೆಯ ತುತ್ತನ್ನು ಎತ್ತಿ ಹಿಡಿದು. ಭೀಷ್ಮಾಚಾರ್ಯರು ಬರಿಗೈಯಲ್ಲಿ ಮಾಡಿದ್ದರು. ನನ್ನದು ಅವರದಕ್ಕಿಂತ ಒಂದು ತೂಕ ಹೆಚ್ಚೇ ಆಯಿತು.

"ತುತ್ತು ಜಾರ್ತಾ ಇದೆ, ಮೊದಲು ಅದನ್ನ ನುಂಗಿ" ಎಂದಳು ನನ್ನ ಹೆಂಡತಿ ಗಿರಿಜಾಂಬಾ.

ಇದಕ್ಕೆಲ್ಲ ಕಾರಣ ಪಕ್ಕದ ಮನೆಯ ಸದಾಶಿವಯ್ಯನವರು. ಅವರಿಗೆ ಸಂತೇಪೇಟೆಯಲ್ಲಿ ಕೊಬ್ಬರಿ ಮಂಡಿ ಇತ್ತು, ಸಹಿಸಿಕೊಂಡೆ. ನಮ್ಮ ಮಠದಲ್ಲಿ ಅವರ ಮಾತು ನಡೆಯುತ್ತಿತ್ತು; ಅದನ್ನೂ ಸಹಿಸಿಕೊಂಡೆ. ಆದರೆ ಅವರ ಹಿತ್ತಲಲ್ಲಿ ಒಂದು ಕಸಿ ಮಾವಿನ ಗಿಡ ಇತ್ತು ನೋಡಿ, ಅದನ್ನು ಮಾತ್ರ ಸಹಿಸಲಾಗಲಿಲ್ಲ. ನನ್ನ ಮೊಣಕಾಲಿಗೂ ಬಾರದ ಗಿಡ! ಅದಕ್ಕೆ ಸುತ್ತಲೂ ಬಿದಿರಿನ ಬೇಲಿ, ಮೇಲೊಂದು ಚಪ್ಪರ. ಮನೆಗೆ ಬಂದವರಿಗೆ ಮೊದಲು ಗಿಡದ ದರ್ಶನ, ಆಮೇಲೆ ಕಾಫಿ. ದರ್ಶನ ಮಾಡಿಸುವಾಗ ಅವರ ಗಂಟಲು ನಮ್ಮ ಗೋಡೆಯ ಕಡೆಗೇ ತಿರುಗಿರುತ್ತಿತ್ತು.

"ಕಸಿ ಗಿಡ ಸ್ವಾಮೀ, ಕಸಿ! ಎಲ್ಲಾರ ಹಿತ್ತಲಲ್ಲೂ ಬರೋ ನುಗ್ಗೆ, ಕರಿಬೇವು ಅಲ್ಲ!"

ನಮ್ಮ ಹಿತ್ತಲಲ್ಲಿದ್ದದ್ದು ನುಗ್ಗೆ ಮತ್ತು ಕರಿಬೇವು.

ನನಗೆ ದಾರಿ ತೋರಿಸಿದವನು ಇಗ್ನೇಷಿಯಸ್. ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಗುಮಾಸ್ತ, ಮನೆ ಲಷ್ಕರ್ ಮೊಹಲ್ಲಾದಲ್ಲಿ, ನಶ್ಯದ ಡಬ್ಬಿಯಲ್ಲಿ ನನ್ನ ಪಾಲುದಾರ. ಅವನ ಮಾವ ಯೇಸುದಾಸಪ್ಪ ಇಲವಾಲದ ಆಚೆ ಒಬ್ಬ ಇಂಗ್ಲಿಷ್ ದೊರೆಯ ಬಂಗಲೆ ತೋಟಕ್ಕೆ ಮೇಸ್ತ್ರಿ. ಆ ದೊರೆ ಕಾಫಿ ತೋಟ ಮಾರಿ, ಮುಪ್ಪಿನಲ್ಲಿ ದೇಶದೇಶದ ಗಿಡ ನೆಟ್ಟುಕೊಂಡು ಹಾಯಾಗಿದ್ದವನು.

"ಮಾಮೇ ಹಣ್ಣು ಕೇಳಿದೀಯೇನಯ್ಯಾ?" ಎಂದ ಇಗ್ನೇಷಿಯಸ್.

"ಏನಂದೆ?" ಎಂದು ನಾನು ಎರಡನೆಯ ಸಲ ಕೇಳಿದೆ. ಕೇಳಿದ ಕ್ಷಣವೇ ತೀರ್ಮಾನವಾಯಿತು. ಇದೇ ನನ್ನ ಹಣ್ಣು!

"ಸಪೋಟದ ದೊಡ್ಡಪ್ಪ ಅಂತ ತಿಳ್ಕೋ. ದೊರೆ ವೆಸ್ಟ್ ಇಂಡೀಸಿಂದ ತರಿಸಿ ಹಾಕಿಸಿದ್ದು. ಮೂರು ಮರ ಇವೆ, ಮೂರೂ ಬೇರೆ ಬೇರೆ ಜಾತಿ. ಒಂದು ಎತ್ತರದ್ದು. ಮರ ತೆಂಗಿನ ಮರದಷ್ಟು, ಹಣ್ಣು ತೆಂಗಿನಕಾಯಷ್ಟು, ಒಳಗೆ ಕೆಂಪಂದ್ರೆ ಕೆಂಪು. ಇನ್ನೊಂದು ಮಧ್ಯಮ, ಒಳಗೆ ಕಿತ್ತಳೆ ಬಣ್ಣ. ಮೂರನೇದು ಗಿಡ್ಡ, ಹಣ್ಣು ಆಲೂಗೆಡ್ಡೆಗಿಂತ ಒಂಚೂರು ದೊಡ್ಡದು, ಒಳಗೆ ಹಳದಿ. ಮಳೆಗೆ ಮುಂಚೆ ಒಂದೇ ಒಂದು ಕಸಿ ಕಟ್ಟಿಕೊಳ್ಳೋಕೆ ನಮ್ಮ ಮಾವನಿಗೆ ದೊರೆ ಅಪ್ಪಣೆ ಕೊಟ್ಟಿದಾರೆ. ಯಾವ ಮರದ್ದು ಅಂತ ನೀನೇ ಹೇಳ್ಬೇಕು."

ಒಂದೇ ಕಸಿ! ಮೂರು ಜಾತಿ! ಸ್ವಯಂವರದಲ್ಲಿ ಹಾರ ಹಿಡಿದು ನಿಂತ ರಾಜಕುಮಾರಿಗೂ ಇಷ್ಟು ಜವಾಬ್ದಾರಿ ಇದ್ದಿರಲಾರದು. ಮನೆಗೆ ಬಂದವನೇ ಗಿರಿಜಾಳ ಮುಂದೆ ಮೂರೂ ಜಾತಿಯ ಗುಣಾವಗುಣಗಳನ್ನು ಹರಡಿದೆ.

"ಮನೇಲಿ ಅತ್ತೆ ಇದಾರೆ, ಹಿತ್ತಲಿಗೆ ಮಾಮೀನೂ ಬರ್ತಾರೇನು?" ಎಂದು ನಕ್ಕು ಆಮೇಲೆ ಗಂಭೀರವಾದಳು. "ಎತ್ತರದ್ದು ಬೇಡ. ಅದರ ನೆರಳು ಬಿದ್ರೆ ನಾನು ಹಪ್ಪಳ ಸಂಡಿಗೆ ಎಲ್ಲಿ ಒಣಗಿಸ್ಲಿ? ಎಲೆ ಎಲ್ಲಾ ಬಾವಿಗೆ ಬೀಳುತ್ತೆ."

"ಹಾಗಾದ್ರೆ ಗಿಡ್ಡದ್ದು?"

"ಆಲೂಗೆಡ್ಡೆಯಷ್ಟು ಹಣ್ಣು ಅಂದ್ರಲ್ಲ. ಆಲೂಗೆಡ್ಡೆ ಅಂಗಡೀಲೇ ಸಿಗುತ್ತೆ."

"ಮಧ್ಯಮದ್ದು?"

"ಮಧ್ಯಮದ್ದಕ್ಕೆ ನೀವೇ ಇದೀರಲ್ಲ."

"ಇದು ಹುಡುಗಾಟ ಅಲ್ಲ ಕಣೇ! ಜಾತಿ ಆರಿಸೋದು ಅಂದ್ರೆ ಮಣ್ಣು ನೋಡಬೇಕು, ಬಿಸಿಲು ನೋಡಬೇಕು, ಮರದ ಎತ್ತರ, ಹಣ್ಣಿನ ತೂಕ, ಒಳಗಿನ ಬಣ್ಣ..."

"ನನ್ನ ನೋಡೋಕೆ ಬಂದಾಗ ಇದರಲ್ಲಿ ಒಂದನ್ನೂ ನೋಡ್ಲಿಲ್ವಲ್ಲ! ಉಪ್ಪಿಟ್ಟು ತಿಂದು ಹೂಂ ಅಂದ್ಬುಟ್ರಿ."

ನಾನು ಮಾತು ಬದಲಾಯಿಸಿದೆ. "ನೋಡು, ಇದು ಯಾರಿಗೂ ಗೊತ್ತಾಗಬಾರದು. ಮರ ಬೆಳೆದು ಹಣ್ಣು ಬಿಟ್ಟ ಮೇಲೆ ಸದಾಶಿವಯ್ಯ ಗೋಡೆ ಮೇಲಿಂದ ನೋಡಿ ಬಾಯಿ ಬಿಡಬೇಕು. ಅಲ್ಲೀವರೆಗೂ ಗುಟ್ಟು!"

"ಗುಟ್ಟು ಇಟ್ಕೊಳ್ಳೋ ಮುಖವಾ ನಿಮ್ಮದು?" ಎಂದು ಅವಳು ನನ್ನ ಊಟದ ಎಲೆ ಎತ್ತಿದಳು.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ನನ್ನ ಮರಕ್ಕಿಂತ ದೊಡ್ಡ ಸಡಗರವೊಂದು ನಡೆದಿತ್ತು. ಮಠದ ಸ್ವಾಮಿಗಳು ನಮ್ಮ ಮನೆಗೆ ಬಿನ್ನಹಕ್ಕೆ, ಎಂದರೆ ಪೂಜೆ ಊಟಕ್ಕೆ, ದಯಮಾಡಿಸಲು ಒಪ್ಪಿದ್ದರು. ನನ್ನ ತಾಯಿ ಪುಟ್ಟಬಸಮ್ಮ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಬಯಸಿದ್ದು ಇದೊಂದನ್ನೇ. ಗುರುಗಳು ಹೊಸ್ತಿಲು ದಾಟಿ ಬರಬೇಕು, ತನ್ನ ಕೈಯಾರೆ ಪಾದಪೂಜೆ ಮಾಡಬೇಕು, ಬಡಿಸಬೇಕು. ನಮ್ಮ ತಂದೆ ಇದ್ದಾಗ ಆಗಲಿಲ್ಲ. ಈಗ ಬಸವ ಜಯಂತಿ ಕಳೆದ ಮೇಲಿನ ಒಂದು ಸೋಮವಾರ ಗೊತ್ತಾಗಿತ್ತು. ಅವ್ವ ಮನೆಗೆಲ್ಲ ಸುಣ್ಣ ಹೊಡೆಸಿದಳು, ತಂಬಿಗೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿದಳು, ಸಾಲದೆಂದು ನನ್ನನ್ನೂ ಹಿಡಿದು ಕ್ಷೌರಕ್ಕೆ ಕಳಿಸಿದಳು. ದಿನಕ್ಕೆ ಹತ್ತು ಸಲ, "ಮನೆ ಚೊಕ್ಕಟವಾಗಿರ್ಲಿ ಕಣಪ್ಪಾ, ಬುದ್ಧಿಯವರು ಬರೋ ಮನೆ" ಎನ್ನುತ್ತಿದ್ದಳು.

ಅಂಥ ಹೊತ್ತಿನಲ್ಲಿ ಒಂದು ಭಾನುವಾರ ಇಗ್ನೇಷಿಯಸ್ ಹೇಳಿ ಕಳಿಸಿದ. ಮೂರು ಮರದ ಹಣ್ಣೂ ಬಂದಿವೆ, ರುಚಿ ನೋಡಿ ಜಾತಿ ಆರಿಸು.

ಹೋದೆ. ಅವನ ಮನೆಯಲ್ಲಿ ಪೂಜೆ ಮುಗಿಸಿ ಚರ್ಚಿನಿಂದ ಬಂದ ಮಕ್ಕಳೆಲ್ಲ ಹೊಸ ಬಟ್ಟೆಯಲ್ಲೇ ಮೇಜಿನ ಸುತ್ತ ಕುಳಿತಿದ್ದರು. ಅಡಿಗೆ ಮನೆಯಲ್ಲಿ ಭಾನುವಾರದ ಸಾರು ಕುದಿಯುತ್ತಿತ್ತು. ಅದರ ವಾಸನೆಗೆ ನಾನು ಉಪಾಯವಾಗಿ ಒಂದು ಚಿಟಿಕೆ ನಶ್ಯ ಏರಿಸಿದೆ. ಮೇಜಿನ ಮೇಲೆ ಮೂರು ಹಣ್ಣು. ಹಣ್ಣೇ ಅವು? ಗೋಣಿಬಟ್ಟೆ ಹೊದಿಸಿದ ಉಂಡೆಗಳು! ಇಗ್ನೇಷಿಯಸ್ ತೊಟ್ಟಿನ ಹತ್ತಿರ ಉಗುರಿನಿಂದ ಕೆರೆದು ತೋರಿಸಿದ. ಕೆರೆದ ಜಾಗ ಹಸಿರಾಗಿದ್ದರೆ ಕಾಯಿ, ಕೆಂಪೋ ಹಳದಿಯೋ ತಿರುಗಿದ್ದರೆ ಹಣ್ಣು. ಹೊರಗಿನಿಂದ ನೋಡಿ ತಿಳಿಯುವ ಮಾತೇ ಇಲ್ಲ. ಮೂರರಲ್ಲಿ ಪಕ್ವವಾಗಿದ್ದದ್ದು ಎತ್ತರದ ಮರದ್ದು ಮಾತ್ರ. ಉಳಿದೆರಡನ್ನು ಅವನ ಹೆಂಡತಿ ಸೆಲಿನಾ ಅಕ್ಕಿ ಡಬ್ಬದೊಳಗೆ ಹೂತಿಟ್ಟರು.

ಕೊಯ್ದರು ನೋಡಿ! ಒಳಗೆ ಎಂಥ ಕೆಂಪು! ದಾಸವಾಳ ನಾಚಬೇಕು. ನಡುವೆ ಮಿರಿಮಿರಿ ಮಿಂಚುವ ಒಂದು ಕಂದು ಬೀಜ. ಅದನ್ನು ಅವನ ಕೊನೆಯ ಮಗ ಆಡುವುದಕ್ಕೆಂದು ಎತ್ತಿಕೊಂಡು ಓಡಿದ. ಬಾಯಿಗಿಟ್ಟರೆ ಗೆಣಸು ಎನ್ನಲೇ, ಬಾದಾಮಿ ಎನ್ನಲೇ, ಜೇನು ಎನ್ನಲೇ! ನನ್ನ ಬಾಯಿಂದ "ಇದೇ! ಇದೇ!" ಎಂಬ ಎರಡು ಶಬ್ದ ಬಿಟ್ಟು ಬೇರೆ ಹೊರಡಲಿಲ್ಲ. ಅಷ್ಟರಲ್ಲಿ ಮಕ್ಕಳು ಮುಕ್ಕಾಲು ಪಾಲು ಮುಗಿಸಿದ್ದರು.

"ಗಿರಿಜಮ್ಮನಿಗೆ ಒಂಚೂರು ತಗೊಂಡು ಹೋಗಿ" ಎಂದು ಸೆಲಿನಾ ಮಿಕ್ಕ ಹೋಳನ್ನು ಮುತ್ತುಗದೆಲೆಯಲ್ಲಿ ಸುತ್ತಿ, ಬಾಳೆನಾರಿನಲ್ಲಿ ಕಟ್ಟಿ ಕೊಟ್ಟರು. ಮೈಸೂರಿನಲ್ಲಿ ಮುತ್ತುಗದೆಲೆಯಲ್ಲಿ ಹೂ ಕಟ್ಟುತ್ತಾರೆ, ಬೆಣ್ಣೆ ಕಟ್ಟುತ್ತಾರೆ. ಭಾನುವಾರದ ಬೆಳಿಗ್ಗೆ ಲಷ್ಕರ್ ಮೊಹಲ್ಲಾದಲ್ಲಿ ಇನ್ನೂ ಒಂದು ಪದಾರ್ಥ ಕಟ್ಟುತ್ತಾರೆ. ಈ ಕೊನೆಯದು ನನ್ನ ತಲೆಗೆ ಹೊಳೆಯಲಿಲ್ಲ! ನನ್ನ ತಲೆಯಲ್ಲಿ ಆಗ ಮರ ಮಾತ್ರ ಇತ್ತು.

ಜಟಕಾ ಹತ್ತಿದೆ. ದೊಡ್ಡ ಗಡಿಯಾರದ ಹತ್ತಿರ ಯಾರೋ ಕೊಡೆ ಎತ್ತಿ ಗಾಡಿ ನಿಲ್ಲಿಸಿದರು. ಸದಾಶಿವಯ್ಯನವರು!

"ವಂಟಿಕೊಪ್ಪಲಿಗೇ ತಾನೇ? ಒಳ್ಳೇದೇ ಆಯ್ತು" ಎಂದು ಹತ್ತಿ ನನ್ನ ಮಗ್ಗುಲಲ್ಲೇ ಕುಳಿತರು. ಗುಟ್ಟು! ನಾನು ಪೊಟ್ಟಣವನ್ನು ಥಟ್ಟನೆ ಬೆನ್ನ ಹಿಂದೆ ಸರಿಸಿದೆ.

"ಎಲ್ಲಿಂದ ಬರ್ತಾ ಇದೀರಿ?"

"ಇಗ್ನೇಷಿಯಸ್ ಮನೆಯಿಂದ. ಸುಮ್ನೆ ಹೋಗಿದ್ದೆ."

"ಭಾನುವಾರ?" ಎಂದರು. ಆಮೇಲೆ ಅವರ ಕಣ್ಣು ನನ್ನ ಬೆನ್ನ ಹಿಂದೆ ಇಣುಕಿತು. "ಅದೇನದು ಮುತ್ತುಗದೆಲೇಲಿ?"

"ಏನಿಲ್ಲ! ಏನೂ ಇಲ್ಲ! ಹೂವು!"

ಹೂವೆಂದದ್ದನ್ನು ಅವರು ನಂಬದೆ ಹೋಗಿದ್ದರೂ ಚಿಂತೆಯಿರಲಿಲ್ಲ. ಆದರೆ ವೈಶಾಖದ ಬಿಸಿಲಿಗೆ, ಜಟಕಾದ ಕುಲುಕಾಟಕ್ಕೆ, ನನ್ನ ಬೆನ್ನಿನ ಭಾರಕ್ಕೆ ಆ ಮೃದು ಹೋಳು ಒಳಗೇ ನಜ್ಜುಗುಜ್ಜಾಗಿ, ಎಲೆಯ ಸಂದಿಯಿಂದ ಕೆಂಪಗೆ ಒಸರಿ, ನನ್ನ ಬಿಳಿ ಪಂಚೆಗಿಳಿಯಿತು. ಸದಾಶಿವಯ್ಯನವರು ಅದನ್ನು ನೋಡಿದರು. ನಾನು ಅವರು ನೋಡಿದ್ದನ್ನು ನೋಡಿದೆ. ಅವರು ಮೆಲ್ಲಗೆ ತಮ್ಮ ಉತ್ತರೀಯವನ್ನು ಎಳೆದುಕೊಂಡು ಎದುರಿನ ಮೂಲೆಗೆ ಸರಿದು, ಕಣ್ಣುಮುಚ್ಚಿ ಪಂಚಾಕ್ಷರಿ ಹೇಳಿಕೊಳ್ಳತೊಡಗಿದರು. ಈ ಶಕುನ ಸಾಲದೆಂದು ಒಂದು ಬೀದಿ ನಾಯಿ ಬೇರೆ ಜಟಕಾದ ಹಿಂದೆಯೇ ಮನೆಯ ತನಕ ಓಡಿ ಬಂತು! ಅವರು ಮಂತ್ರ ಹೇಳುವುದು ಕಂಡು ನನಗೆ ಖುಷಿಯೇ ಆಯಿತು. ಪೊಟ್ಟಣದ ವಿಚಾರ ಮರೆತರು ಎಂದುಕೊಂಡೆ. ನನ್ನ ಬುದ್ಧಿಗೆ ಬೆಂಕಿ ಹಾಕ!

ಮನೆಗೆ ಬಂದು ಪೊಟ್ಟಣವನ್ನು ಬಚ್ಚಲು ಮನೆಯ ತಂಪಿನಲ್ಲಿ, ಹಂಡೆಯ ಪಕ್ಕ ಇಟ್ಟು, ಪಂಚೆ ಬದಲಾಯಿಸಲು ಒಳಗೆ ಹೋದೆ. ಅಷ್ಟೇ. ಬಚ್ಚಲಿನಿಂದ ಅವ್ವನ ಕಿರುಚು ಕೇಳಿಸಿತು. ಆ ಕಿರುಚಿಗೆ ನುಗ್ಗೆ ಮರದ ಕಾಗೆಗಳೆಲ್ಲ ಎದ್ದವು.

"ಶಿವ ಶಿವಾ! ಲೋ ವೃಷಭೇಂದ್ರಾ! ಇದೇನೋ ನನ್ನ ಮನೇಲಿ!"

"ಹಣ್ಣು ಕಣವ್ವಾ! ಹಣ್ಣು!"

"ಹಣ್ಣಂತೆ! ರಕ್ತ ಸುರೀತಾ ಇದೆ, ಹಣ್ಣಂತೆ!"

ಗಿರಿಜಾ ಓಡಿ ಬಂದಳು. ಎಲೆ ಬಿಚ್ಚಿ, ಮೂಸಿ, ಬೆರಳಲ್ಲಿ ಒಂಚೂರು ತೆಗೆದು ನಾಲಗೆಗೆ ಹಚ್ಚಿಕೊಂಡಳು. ಅವ್ವ ಗೋಡೆ ಹಿಡಿದುಕೊಂಡಳು.

"ಹಣ್ಣೇ ಅತ್ತೆ" ಎಂದಳು ಗಿರಿಜಾ. "ಬೆಲ್ಲ ಹಾಕಿ ಬೇಯಿಸಿದ ಗೆಣಸಿನ ಹಾಗಿದೆ."

"ಹಣ್ಣೇ ಇರ್ಲಿ ಕಣಮ್ಮ. ನೋಡೋ ಕಣ್ಣಿಗೂ ಹಣ್ಣಾಗಿ ಕಾಣಬೇಡ್ವಾ? ಬುದ್ಧಿಯವರು ಬರೋ ಮನೆ!" ಎಂದು ಅವ್ವ ಪೊಟ್ಟಣವನ್ನು ಇಕ್ಕಳದಲ್ಲಿ ಹಿಡಿದು ಬೀದಿಗೆ ಎಸೆದಳು. ಜಟಕಾದ ಹಿಂದೆ ಬಂದಿದ್ದ ನಾಯಿ ಅದನ್ನು ಕಚ್ಚಿಕೊಂಡು ನೆಟ್ಟಗೆ ಸದಾಶಿವಯ್ಯನವರ ಗೇಟಿನ ಮುಂದೆ ಹೋಗಿ ಕುಳಿತು, ಎಲೆ ಸಮೇತ ತಿಂದು ಮುಗಿಸಿತು. ಗೇಟಿನೊಳಗೆ ಸದಾಶಿವಯ್ಯನವರು ಮಾವಿನ ಗಿಡಕ್ಕೆ ನೀರು ಹಾಕುತ್ತಾ ನಿಂತಿದ್ದರು!

ನಾಲ್ಕು ದಿನ ಕಳೆಯಿತೋ ಐದೋ, ಮಠದ ಪಾರುಪತ್ತೆಗಾರರು ನಮ್ಮ ಜಗಲಿಗೆ ಬಂದರು. ಮಠದ ವ್ಯವಹಾರವೆಲ್ಲ ಅವರ ಕೈಯಲ್ಲೇ. ಒಳಗೆ ಬನ್ನಿ ಎಂದರೆ ಬರಲಿಲ್ಲ, ನೀರು ಕೊಟ್ಟರೆ ಮುಟ್ಟಲಿಲ್ಲ.

"ಸನ್ನಿಧಾನಕ್ಕೆ ಆ ಸೋಮವಾರ ಸ್ವಲ್ಪ ಅನಾನುಕೂಲ. ಬಿನ್ನಹ ಸದ್ಯಕ್ಕೆ ಬೇಡ" ಎಂದು ಗಂಟಲು ಸರಿಮಾಡಿಕೊಂಡರು. "ಮನೆಯ ಆಚಾರ ವಿಚಾರ ಒಂದು ಸಲ ಇತ್ಯರ್ಥವಾಗಲಿ ಅಂತ."

ಅವರು ಹೋದ ಮೇಲೆ ಅವ್ವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪಾದಪೂಜೆಗೆಂದು ತಂದಿದ್ದ ಹೊಸ ಮಡಿ ವಸ್ತ್ರವನ್ನು ಮಡಿಸಿ, ಮತ್ತೆ ಬಿಚ್ಚಿ, ಮತ್ತೆ ಮಡಿಸಿ, ಪೆಟ್ಟಿಗೆಯ ತಳದಲ್ಲಿಟ್ಟಳು. ಅವತ್ತಿನಿಂದ ಒಂದು ಹೊತ್ತೂ ಸರಿಯಾಗಿ ಊಟಕ್ಕೆ ಏಳಲಿಲ್ಲ. ನನಗೆ ನಿಜವಾಗಿ ನಾಚಿಕೆಯಾಯಿತು. ನನ್ನ ಜಂಭಕ್ಕೆ ಒಂದು ಮರ ಬೇಕಿತ್ತು. ಅದು ಇನ್ನೂ ಹುಟ್ಟುವ ಮುಂಚೆಯೇ ಅವ್ವನ ಒಂದು ಜನ್ಮದ ಆಸೆಯನ್ನು ತಿಂದುಹಾಕಿತ್ತು.

ನೆಟ್ಟಗೆ ಸದಾಶಿವಯ್ಯನವರ ಮನೆಗೆ ಹೋದೆ.

"ಅವತ್ತು ನನ್ನ ಹತ್ರ ಇದ್ದದ್ದು ಹಣ್ಣು, ಸದಾಶಿವಯ್ಯನವರೇ! ಮಾಮೇ ಹಣ್ಣು!"

"ಏನಂದ್ರಿ?" ಎಂದರು ಅವರು. ಈ ಪ್ರಶ್ನೆಯನ್ನು ಅವರ ಬಾಯಿಂದ ಕೇಳಬೇಕೆಂದು ನಾನೆಷ್ಟು ಕನಸು ಕಂಡಿದ್ದೆ! ಈಗ ಕೇಳಿ ಏನು ಬಂತು? "ಅವತ್ತು ಹೂವು ಅಂದ್ರಿ, ಇವತ್ತು ಹಣ್ಣು ಅಂತೀರಿ. ನಾಳೆ ಕಾಯಿ ಅಂತೀರೋ ಏನೋ! ಹಣ್ಣೇ ಆಗಿದ್ರೆ ಬೆನ್ನ ಹಿಂದೆ ಯಾಕೆ ಬಚ್ಚಿಟ್ರಿ?"

ನಿಮ್ಮ ಮಾವಿನ ಗಿಡಕ್ಕೆ ಉರಿದು ಬಚ್ಚಿಟ್ಟೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಬದಲಿಗೆ ಎದೆ ಉಬ್ಬಿಸಿ, "ಪಾರುಪತ್ತೆಗಾರರನ್ನೂ ಕರೆಸಿ. ನಿಮ್ಮ ಜಗಲಿಯಲ್ಲೇ, ನಿಮ್ಮ ಕಣ್ಣೆದುರಿಗೇ ಹಣ್ಣು ಕೊಯ್ಸಿ ತೋರಿಸ್ತೀನಿ! ಸತ್ಯಕ್ಕೆ ಸಾವಿಲ್ಲ!" ಎಂದು ಗುಡುಗಿದೆ.

ಸತ್ಯಕ್ಕೆ ಸಾವಿಲ್ಲ. ಆದರೆ ಸತ್ಯಕ್ಕೆ ಬಣ್ಣವಿದೆ ಎಂಬುದನ್ನು ಮರೆತಿದ್ದೆ.

ವಿಚಾರಣೆಯ ದಿನ ಇಗ್ನೇಷಿಯಸ್ ಕೋಟು, ಟೊಪ್ಪಿಗೆ ಹಾಕಿಕೊಂಡು, ಅಕ್ಕಿ ಡಬ್ಬದಲ್ಲಿ ಪಕ್ವವಾದ ಎರಡು ಹಣ್ಣು ತಂದ. ಜಗಲಿಯ ಮೇಲೆ ಪಾರುಪತ್ತೆಗಾರರು, ಸದಾಶಿವಯ್ಯನವರು, ಬೀದಿಯಲ್ಲಿ ಬೀದಿಯೆಲ್ಲ. ಒಂದನ್ನು ಕೊಯ್ದೆ: ಕಿತ್ತಳೆ ಬಣ್ಣ. ಇನ್ನೊಂದನ್ನು ಕೊಯ್ದೆ: ಹಳದಿ.

"ಕೆಂಪಗಿತ್ತು ಅಂತ ಹೇಳಿಕೆ" ಎಂದರು ಪಾರುಪತ್ತೆಗಾರರು.

"ಕೆಂಪಗಿರೋದು ಬೇರೆ ಜಾತಿ ಸ್ವಾಮಿ" ಎಂದ ಇಗ್ನೇಷಿಯಸ್. "ಅದು ಎತ್ತರದ ಮರದ್ದು. ನಮ್ಮ ಮಕ್ಕಳು ತಿಂದ್ಬುಟ್ರು."

"ಬೇಕಾಗಿದ್ದದ್ದೇ ಖಾಲಿಯಾಯ್ತು. ಸರಿ. ಅವತ್ತು ಭಾನುವಾರ ನಿಮ್ಮ ಮನೇಲಿ ಏನಡಿಗೆ?"

ಇಗ್ನೇಷಿಯಸ್ ಸುಳ್ಳಾಡುವ ಮನುಷ್ಯನಲ್ಲ. ಅವತ್ತಾದರೂ ಆಗಬಾರದಿತ್ತೇ!

"ಮಟನ್ ಸಾರು ಸ್ವಾಮಿ."

ಬೀದಿ ಒಂದೇ ಉಸಿರಿನಲ್ಲಿ "ಆಹಾ!" ಎಂದಿತು. ನಾನು ಕಣ್ಣು ಮುಚ್ಚಿಕೊಂಡೆ.

"ಅದರಲ್ಲಿ ಇವರಿಗೇನಾದರೂ...?"

"ಇವನಿಗಾ?" ಇಗ್ನೇಷಿಯಸ್ಸನಿಗೆ ಸಿಟ್ಟೇ ಬಂತು. "ಆರು ಮಕ್ಕಳು ಸ್ವಾಮಿ! ಮೇಲೆ ನಮ್ಮ ಅತ್ತೆ ಬೇರೆ ಬಂದಿದ್ರು. ನನ್ನ ತಟ್ಟೆಗೇ ಬಿದ್ದಿದ್ದು ಬರೀ ಮೂಳೆ! ಇವನಿಗೆ ಎಲ್ಲಿಂದ ತಂದು ಕೊಡ್ಲಿ?"

"ಅಂದ್ರೆ, ಮಿಕ್ಕಿದ್ರೆ ಕೊಡ್ತಿದ್ರಿ" ಎಂದು ಪಾರುಪತ್ತೆಗಾರರು ಎದ್ದು ಕೊಡೆ ಬಿಚ್ಚಿದರು. ವಿಚಾರಣೆ ಮುಗಿಯಿತು. ನನ್ನ ಪರವಾಗಿ ಇದ್ದ ಒಂದೇ ಸಾಕ್ಷಿ ನನ್ನನ್ನು ಉಪಕಾರ ಮಾಡಿಯೇ ಮುಗಿಸಿದ.

ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಗಿರಿಜಾ ಸೆರಗು ಸಿಕ್ಕಿಸಿಕೊಂಡು ಎದುರಿಗೆ ನಿಂತಳು.

"ಆಯ್ತಾ ನಿಮ್ಮ ಪರಾಕ್ರಮ? ಅತ್ತೆ ಮುಖ ನೋಡೋಕಾಗ್ತಿಲ್ಲ. ಇನ್ನು ಸುಮ್ನೆ ಇದ್ಬುಡಿ, ನಾನು ನೋಡ್ಕೋತೀನಿ."

"ನೀನೇನು ಮಾಡ್ತೀಯಾ?"

"ನೀವು ಮಾಡದೇ ಇದ್ದದ್ದನ್ನ" ಎಂದಳು.

ಅವಳು ಜಟಕಾ ಮಾಡಿಕೊಂಡು ಸೆಲಿನಾ ಅವರ ಮನೆಗೆ ಹೋದಳು. ಸೆಲಿನಾ ಇಲವಾಲಕ್ಕೆ ಹೇಳಿ ಕಳಿಸಿದರು. ಯೇಸುದಾಸಪ್ಪ ಎತ್ತರದ ಮರಕ್ಕೆ ಏಣಿ ಹಾಕಿ, ಒಂದೊಂದೇ ಹಣ್ಣನ್ನು ಉಗುರಿನಲ್ಲಿ ಕೆರೆದು, ಕೊನೆಗೆ ತುದಿಯಲ್ಲಿ ಒಂದು ಕೆಂಪಗೆ ಕಂಡದ್ದನ್ನು ಇಳಿಸಿ ಕೊಟ್ಟರಂತೆ. ಅದು ಅಕ್ಕಿಯೊಳಗೆ ಮೆತ್ತಗಾದ ದಿನ ಗಿರಿಜಾ ಅದನ್ನು ಬೆಳ್ಳಿ ತಟ್ಟೆಯಲ್ಲಿಟ್ಟಳು. ಮೇಲೆ ಬಟ್ಟೆಯಿಲ್ಲ, ಎಲೆಯಿಲ್ಲ. ಪಕ್ಕದಲ್ಲಿ ಅರಿಶಿನ ಕುಂಕುಮ, ವೀಳ್ಯದೆಲೆ. ಮಟಮಟ ಮಧ್ಯಾಹ್ನ, ಪಕ್ಕದ ಮನೆಗೆ ಹೋಗುವುದಕ್ಕೆ ಇಡೀ ಬೀದಿ ಸುತ್ತಿಕೊಂಡು ಹೊರಟಳು! ಕೇಳಿದವರಿಗೆಲ್ಲ ನಿಂತು ಹೇಳಿದಳು: "ಇದಾ? ಮಾಮೇ ಹಣ್ಣು ಅಕ್ಕಾ. ಮುಟ್ಟಿ ನೋಡಿ ಬೇಕಾದ್ರೆ." ಅವಳ ಹಿಂದೆ ಬೀದಿಯ ಹೆಂಗಸರೆಲ್ಲ ಸದಾಶಿವಯ್ಯನವರ ಪಡಸಾಲೆಗೆ ಬಂದು ಸೇರಿದರು.

ನಾನು ಗೋಡೆಯ ಈಚೆ ನಿಂತು ಕಿವಿ ಹಚ್ಚಿದೆ.

"ಚಂದ್ರಮತಕ್ಕಾ, ನಿಮ್ಮ ಮನೆ ಈಳಿಗೆಮಣೇನೇ ಕೊಡಿ. ನೀವೇ ಕೊಯ್ಯಿ. ನಾನು ಮುಟ್ಟಲ್ಲ."

"ಅಯ್ಯೋ, ನಮ್ಮ ಈಳಿಗೇಲಾ!" ಎಂದರು ಸದಾಶಿವಯ್ಯನವರ ಹೆಂಡತಿ ಚಂದ್ರಮತಮ್ಮ. ಆದರೆ ಕುತೂಹಲಕ್ಕೆ ಮಡಿಯಿಲ್ಲ. ಈಳಿಗೆಯ ಕಾಲು ಎಳೆದ ಸದ್ದು, ಕರ್ರೆಂದು ಕೊಯ್ದ ಸದ್ದು, ಆಮೇಲೆ ಎಲ್ಲರೂ ಸೇರಿ "ಅಬ್ಬಾ!" ಎಂದ ಸದ್ದು. ಆಮೇಲೆ ಬಹಳ ಹೊತ್ತು ಮಾತೇ ಇಲ್ಲ. ಮೈಸೂರಿನಲ್ಲಿ ಅಷ್ಟು ಜನ ಹೆಂಗಸರು ಒಟ್ಟಿಗೆ ಕುಳಿತು ಮಾತಿಲ್ಲದೆ ಇದ್ದಾರೆಂದರೆ ಬಾಯಲ್ಲಿ ಏನೋ ಇದೆ ಎಂದೇ ಅರ್ಥ. ಕೊನೆಗೆ ಚಂದ್ರಮತಮ್ಮನವರ ದನಿ: "ಗಿರಿಜಾ, ಇನ್ನೊಂದು ಹೋಳು ಇದೆಯೇನೇ?" ಆಮೇಲೆ ಇಬ್ಬರೂ ಏನೋ ಪಿಸುಗುಟ್ಟಿದರು. ಅದು ನನಗೆ ಕೇಳಿಸಲಿಲ್ಲ.

ಸಂಜೆಯೇ ಸದಾಶಿವಯ್ಯನವರು ನಮ್ಮ ಮನೆಗೆ ತಾವಾಗಿ ಬಂದು, ನನ್ನ ಕಡೆ ನೋಡದೆ ಅವ್ವನಿಗೆ ಕೈಮುಗಿದರು. "ತಪ್ಪು ತಿಳ್ಕೊಂಡೆ ಪುಟ್ಟಬಸಮ್ಮನವರೇ. ಮಠಕ್ಕೆ ನಾನೇ ಹೋಗಿ ಹೇಳಿ ಬಂದಿದೀನಿ. ಗೊತ್ತಾಗಿದ್ದ ಹಾಗೇ ನಾಳೆ ಸೋಮವಾರ ಬುದ್ಧಿಯವರು ದಯಮಾಡಿಸ್ತಾರೆ." ಅವ್ವ ಒಳಗೆ ಹೋಗಿ ಪೆಟ್ಟಿಗೆಯಿಂದ ಮಡಿ ವಸ್ತ್ರ ತೆಗೆದು, ಮತ್ತೆ ಒಗೆಯಲು ಹಾಕಿದಳು.

ಸೋಮವಾರ ಸ್ವಾಮಿಗಳು ಬಂದರು. ಅವ್ವ ಪಾದಪೂಜೆ ಮಾಡುವಾಗ ಕಣ್ಣೀರು ತಂಬಿಗೆಯ ನೀರಿನ ಜೊತೆಗೇ ಬಿತ್ತು. ಬಿನ್ನಹವಾದ ಮೇಲೆ ಸ್ವಾಮಿಗಳು ನಕ್ಕು, "ಎಲ್ಲಿ ತಾಯಿ ಆ ಹಣ್ಣು?" ಎಂದು ಕೇಳಿದರು. ಚಂದ್ರಮತಮ್ಮನವರು ಎತ್ತಿಟ್ಟಿದ್ದ ಕೊನೆಯ ಹೋಳನ್ನು ತಂದಿಟ್ಟರು. ಸ್ವಾಮಿಗಳು ಒಂದು ಚೂರು ಬಾಯಿಗೆ ಹಾಕಿಕೊಂಡು, "ಬಣ್ಣ ನೋಡಿ ಹೆದರೋದಾದ್ರೆ ಕುಂಕುಮಾನೂ ಇಟ್ಕೋಬಾರದು" ಎಂದರು. ಪಾರುಪತ್ತೆಗಾರರು ಕೊಡೆಯ ಹಿಡಿಯನ್ನು ನೋಡಿಕೊಂಡರು.

"ಮೂರು ಜಾತಿ ಇದೆಯಂತಲ್ಲ. ಮನೆ ಹಿತ್ತಲಿಗೆ ಯಾವುದು ಒಳ್ಳೇದು?" ಎಂದು ಸ್ವಾಮಿಗಳು ನನ್ನನ್ನೇ ಕೇಳಿದರು.

ನನ್ನನ್ನೇ! ಸದಾಶಿವಯ್ಯನವರ ಎದುರಿಗೆ! ನನ್ನ ಎದೆ ಮತ್ತೆ ಮೊದಲಿನ ಗಾತ್ರಕ್ಕೆ ಬಂತು. ಗುಟ್ಟೇ ಇಲ್ಲವೆಂದ ಮೇಲೆ ಸಂಕೋಚವೇಕೆ? ಶುರುಮಾಡಿದೆ. ಗಿಡ್ಡ ಜಾತಿಗೆ ಜಾಗ ಕಡಿಮೆ ಸಾಕು, ಆದರೆ ರುಚಿ ಪೇಲವ. ಮಧ್ಯಮದ್ದು ಎರಡಕ್ಕೂ ಸಲ್ಲದು. ನೆಟ್ಟರೆ ಕೆಂಪು ಜಾತಿಯನ್ನೇ ನೆಡಬೇಕು! ಎತ್ತರ ಹೋದರೆ ಹೋಗಲಿ, ಹಿತ್ತಲು ದೊಡ್ಡದಿರಬೇಕು ಅಷ್ಟೇ. ನಮ್ಮ ಸೀಮೆಯ ಬಿಸಿಲು ಅದಕ್ಕೆ ಅಮೃತ. ಎಳೆಗಿಡಕ್ಕೆ ಮಾತ್ರ ನೆರಳು ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಸದಾಶಿವಯ್ಯನವರು ಶಾಲೆಯ ಹುಡುಗನಂತೆ ಕೇಳುತ್ತಿದ್ದರು. ನಡುವೆ, "ಗುಂಡಿ ಎಷ್ಟು ಆಳ?" ಎಂದರು. ನಾನು ಉದಾರವಾಗಿ ಹೇಳಿದೆ. "ಗೊಬ್ಬರ?" ಎಂದರು. ಅದನ್ನೂ ಹೇಳಿದೆ. ಜನ್ಮದಲ್ಲಿ ನಾನು ಅವರಿಗೆ ಉಪದೇಶ ಮಾಡಿದ ದಿನ ಅದೊಂದೇ!

"ಹಾಗಾದ್ರೆ ಕೆಂಪು ಜಾತೀನೇ ಕಟ್ಟಿಸೋಕೆ ಯೇಸುದಾಸಪ್ಪನಿಗೆ ಹೇಳಿ ಕಳಿಸ್ತೀನಿ" ಎಂದರು ಸದಾಶಿವಯ್ಯನವರು.

"ನೀವ್ಯಾಕೆ ಹೇಳಿ ಕಳಿಸ್ತೀರಿ? ಕಸಿ ಇರೋದು ಒಂದೇ ಅಲ್ವೇ?"

"ಅದೇ ಒಂದು. ನಮ್ಮ ಹಿತ್ತಲಿಗೆ. ಮಾವಿನ ಪಕ್ಕದಲ್ಲೇ ಗುಂಡಿ ತೋಡಿಸ್ತಾ ಇದೀನಿ. ಯಾಕ್ರೀ, ಗಿರಿಜಮ್ಮ ಹೇಳ್ಲಿಲ್ವಾ?"

ಸ್ವಾಮಿಗಳು ಎದ್ದರು, ಎಲ್ಲರೂ ಕೈಮುಗಿದರು. ನಾನೂ ಮುಗಿದೆ, ಬಾಯಿ ತೆರೆದುಕೊಂಡೇ. ಜನ ಚದುರಿದ ಮೇಲೆ ಅಡಿಗೆ ಮನೆಗೆ ನುಗ್ಗಿದೆ. ಗಿರಿಜಾ ಮಿಕ್ಕ ಪಾಯಸವನ್ನು ಸಣ್ಣ ಪಾತ್ರೆಗೆ ಬಗ್ಗಿಸುತ್ತಿದ್ದಳು.

"ನನ್ನ ಕಸಿ ಆ ಮನುಷ್ಯನಿಗೆ ಕೊಟ್ಬುಟ್ಯಾ?"

"ಚಂದ್ರಮತಕ್ಕ ಹಣ್ಣು ತಿಂದು ಕೇಳಿದ್ದು ಅದೊಂದೇ. ಗಿಡ ಕೊಟ್ರೆ ಈಗಲೇ ಅವರನ್ನ ಮಠಕ್ಕೆ ಕಳಿಸ್ತೀನಿ ಅಂದ್ರು. ಮನೇಲಿ ಅತ್ತೆ ಅನ್ನ ಬಿಟ್ಟು ಕೂತಿದ್ರು. ಹೂಂ ಅಂದೆ."

ಗಂಡಸಲ್ಲವೇ, ಕೊನೆಯ ಮಾತು ನನ್ನದೇ ಆಗಬೇಕೆಂದು ದನಿ ಏರಿಸಿದೆ. "ಆಗ್ಲಿ! ಆದ್ರೆ ನನಗೊಂದು ಮಾತು ಹೇಳಬಾರದಾಗಿತ್ತಾ?"

ಗಿರಿಜಾ ನನ್ನ ಕೈಗೆ ಪಾಯಸದ ಬಟ್ಟಲು ಕೊಟ್ಟು ಹೇಳಿದಳು:

"ಯಾರಿಗೂ ಗೊತ್ತಾಗಬಾರದು ಅಂತ ನೀವೇ ಅಂದಿದ್ರಲ್ಲ. ಅದಕ್ಕೇ ನಿಮಗೂ ಹೇಳ್ಲಿಲ್ಲ."